ಬುಟ್ಟಿಯಲ್ಲಿದ್ದ ಆಮೆ ಕಳುವಾದ ಪ್ರಕರಣ

ವಿದರ್‌ಬಿ ಪಟ್ಟಣದ ಕ್ರೌನ್ ಕೋರ್ಟಿನಲ್ಲಿ ಕಳುವಾದ ವಸ್ತು ಕಳುವಾಗಿಯೇ ಇರತಕ್ಕದ್ದು. ವಿಚಾರಣೆ ಮುಗಿಯುವ ತನಕ ಅದು ಸಿಗತಕ್ಕದ್ದಲ್ಲ. ಬಾರ್ನಬಿ ಕ್ಲೆಗ್ ಎಂಬಾತನಿಗೆ ಈ ನಿಯಮ ಗೊತ್ತಿರಲಿಲ್ಲ.

ಅರವತ್ತಮೂರರ ಕ್ಲೆಗ್ ಶಾಲೆಯ ಮುಂದೆ ಹಳದಿ ಕೋಟು ತೊಟ್ಟು, ತುದಿಗೆ ದುಂಡು ಫಲಕವಿದ್ದ ಕೋಲು ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವವನು. ಪಕ್ಕದ ಮನೆಯ ಹಿಲ್ಡಾ ಆರ್ಮಿಟೇಜ್ ಎಂಬ ಮುದುಕಿಯ ಆಮೆ, ಹೆಸರು ಬ್ರಿಗೇಡಿಯರ್, ಮೂರು ವರ್ಷದ ಹಿಂದೆ ಅಕ್ಟೋಬರಿನಲ್ಲಿ ಕಾಣೆಯಾಯಿತು. ಪೊಲೀಸರು ಬಂದಾಗ ಕ್ಲೆಗ್‌ನ ಜೇಬಿನಲ್ಲಿ ಲೆಟಿಸ್ ಸೊಪ್ಪು ಸಿಕ್ಕಿತು. ಪಾಪ, ಬೇಲಿಯ ಮೇಲಿಂದ ದಿನಾ ಆಮೆಗೆ ಹಾಕುತ್ತಿದ್ದ. ಅಷ್ಟಕ್ಕೇ ಕಳವಿನ ಆರೋಪ ಬಿತ್ತು. ಶಿಕ್ಷೆಯಾದರೆ ಕೋಲು ಹೋಗುತ್ತದೆ. ಕೋಲು ಹೋದರೆ ಬೆಳಿಗ್ಗೆ ಏಳುವುದಕ್ಕೆ ಅವನಿಗೆ ಕಾರಣವೇ ಇಲ್ಲ. ಹಾಗಾಗಿ ಊರಿನ ಸಾಮಾನ್ಯ ಜನರೇ ಕೂತು ತೀರ್ಮಾನ ಹೇಳುವ ಜ್ಯೂರಿಯೇ ಬೇಕೆಂದು ಕೇಳಿದ. ಹನ್ನೆರಡು ಜನರಲ್ಲಿ ಒಂದಾದರೂ ನೆಟ್ಟಗಿನ ತಲೆ ಇದ್ದೀತೆಂದು ಅವನ ನಂಬಿಕೆ.

ಆ ಚಳಿಗಾಲ ಕಳೆದ ಮೇಲೆ ಆಮೆ ತನ್ನ ತಿಂಗಳುಗಟ್ಟಲೆಯ ಚಳಿನಿದ್ದೆ ಮುಗಿಸಿ ಹಿಲ್ಡಾಳದೇ ಗೊಬ್ಬರದ ಗುಂಡಿಯಿಂದ ಎದ್ದುಬಂತು. ಆಮೆ ಸಿಕ್ಕಿತೆಂದು ಅವಳು ಕೂಡಲೇ ಪೊಲೀಸರಿಗೆ ಪತ್ರ ಬರೆದಳು. 'ಸದರಿ ಆಮೆ ನಮ್ಮ ವಶದಲ್ಲಿ ಇಲ್ಲದ ಕಾರಣ ಅದನ್ನು ತಮಗೆ ಹಿಂದಿರುಗಿಸಲು ಬರುವುದಿಲ್ಲ' ಎಂದು ಉತ್ತರ ಬಂತು.

ವಿಚಾರಣೆಯ ದಿನ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು, ಹಿಲ್ಡಾ ಆಮೆಯನ್ನು ಬುಟ್ಟಿಯಲ್ಲಿಟ್ಟುಕೊಂಡೇ ಬಂದಳು.

ಪ್ರಾಸಿಕ್ಯೂಷನ್ ವಕೀಲೆ ಮಿಸ್ ಕ್ವಿಲ್ ವಿಗ್ಗು ಸರಿಮಾಡಿಕೊಂಡು ಜ್ಯೂರಿಯ ಕಡೆ ತಿರುಗಿದಳು. "ಆರೋಪ ಸಾಬೀತು ಮಾಡೋ ಹೊರೆ ಪೂರ್ತಿ ನನ್ನದು. ಆರೋಪಿ ಏನನ್ನೂ ಸಾಬೀತು ಮಾಡಬೇಕಿಲ್ಲ" ಎಂದಳು. ಆಮೇಲೆ ಹೊರೆ ಹಗುರ ಮಾಡಿಕೊಳ್ಳಲು ಒಂದು ಹಾಳೆ ತೆಗೆದಳು. ಎರಡೂ ಕಡೆಯ ವಕೀಲರು ಆರು ತಿಂಗಳ ಹಿಂದೆಯೇ ಒಪ್ಪಿ ಸಹಿ ಹಾಕಿದ ಸಂಗತಿ: 'ಆಮೆ ಇಂದಿನವರೆಗೂ ಸಿಕ್ಕಿಲ್ಲ.' ಬಳಿಕ ಒಂದನೆಯ ಸಾಕ್ಷ್ಯವಸ್ತುವಾಗಿ ಲೆಟಿಸ್ಸಿನ ಫೋಟೊ ಹಂಚಿದಳು. ಲೆಟಿಸ್ ಕೊಳೆತು ಎರಡೂಮುಕ್ಕಾಲು ವರ್ಷವಾಗಿತ್ತು.

ಹಿಲ್ಡಾ ಸಾಕ್ಷಿಕಟ್ಟೆ ಹತ್ತಿದಳು.

"ಅಕ್ಟೋಬರ್ ಹದಿನಾಲ್ಕಕ್ಕೆ ಆಮೆ ಕಾಣಿಸ್ತಾ?" ಎಂದು ಕೇಳಿದಳು ಮಿಸ್ ಕ್ವಿಲ್.

"ಅವತ್ತು ಇಲ್ಲ ಕಣಮ್ಮ. ಆದ್ರೆ..."

"ಕೇಳಿದ್ದಕ್ಕಷ್ಟೇ ಉತ್ತರ ಕೊಡಿ."

"ಅಲ್ಲಮ್ಮ, ಇಲ್ಲೇ ಇದೆಯಲ್ಲ!" ಬುಟ್ಟಿಯಿಂದ ಬ್ರಿಗೇಡಿಯರ್ ತಲೆ ಹೊರಹಾಕಿತು.

"ಮಹಾಸ್ವಾಮಿ, ಈ ಬುಟ್ಟಿ ಸಾಕ್ಷ್ಯವಸ್ತುಗಳ ಪಟ್ಟಿಯಲ್ಲಿಲ್ಲ. ಸೇರಿಸಬೇಕಿದ್ದರೆ ಇಪ್ಪತ್ತೆಂಟು ದಿನ ಮುಂಚೆ ಅರ್ಜಿ ಕೊಡಬೇಕಿತ್ತು" ಎಂದಳು ಮಿಸ್ ಕ್ವಿಲ್.

ನ್ಯಾಯಾಧೀಶರು ಕ್ಲೆಗ್‌ನ ವಕೀಲನತ್ತ ನೋಡಿದರು. ಸಹಿ ಹಾಕಿದ್ದು ಅವನಿಗಿಂತ ಮುಂಚಿನ ವಕೀಲ; ಕಡತ ಇವನ ಕೈಸೇರಿದ್ದು ಹಿಂದಿನ ಸಂಜೆ. "ಸಹಿ ಹಾಕಿಬಿಟ್ಟಿದ್ದೀವಿ, ಮಹಾಸ್ವಾಮಿ. ಸಹಿಗೊಂದು ಬೆಲೆ ಬೇಡ್ವೆ?" ಎಂದು ಕೂತ.

ಗಾಜಿನ ಕಟಕಟೆಯೊಳಗಿಂದ ಕ್ಲೆಗ್ ಗಾಜು ಬಡಿದ. "ಅಯ್ಯೋ, ಅಲ್ಲೇ ಕೂತಿದೆ ನೋಡ್ರೋ! ಕಣ್ಣಿಲ್ವಾ ನಿಮ್ಗೆ?"

"ಸುಮ್ನಿರಿ ಯಜಮಾನ್ರೇ, ಇನ್ನೂ ಪ್ರಾಸಿಕ್ಯೂಷನ್‌ದೇ ಸರದಿ" ಎಂದ ಕಾವಲಿನವನು.

ಜ್ಯೂರಿಯಿಂದ ಚೀಟಿ ಬಂತು: 'ಬುಟ್ಟಿಯಲ್ಲಿರುವುದು ಏನು?' ಸಾಕ್ಷ್ಯದಲ್ಲಿ ಇಲ್ಲದ್ದರ ಬಗ್ಗೆ ಊಹೆ ಮಾಡಕೂಡದೆಂದು ನ್ಯಾಯಾಧೀಶರು ಅಪ್ಪಣೆ ಕೊಟ್ಟರು. ಅಷ್ಟರಲ್ಲಿ ಆಮೆ ಬುಟ್ಟಿಯಿಂದಿಳಿದು ಜ್ಯೂರಿಯವರ ಕಾಲಬುಡಕ್ಕೇ ಬಂದಿತ್ತು. ಹನ್ನೆರಡೂ ಜನ, ಊಹೆ ಮಾಡದೆ, ಕಾಲು ಮೇಲೆತ್ತಿಕೊಂಡರು.

"ಇಲ್ಲಿಗೆ ಪ್ರಾಸಿಕ್ಯೂಷನ್ನಿನ ವಾದ ಮುಗಿಯಿತು" ಎಂದ ಮಿಸ್ ಕ್ವಿಲ್, ಆಮೆಯನ್ನು ಎತ್ತಿ ಬುಟ್ಟಿಗೆ ಹಾಕಿ ಕೂತಳು.

ಕ್ಲೆಗ್‌ನ ಸರದಿಯೂ ಬಂತು. ಸಾಕ್ಷಿಕಟ್ಟೆ ಹತ್ತಿದವನೇ ಬುಟ್ಟಿಯತ್ತ ಬೆರಳು ತೋರಿಸಿದ.

"ಹಾಗಾದ್ರೆ ಆಮೆ ಎಲ್ಲಿದೆ ಅಂತ ನಿಮ್ಗೆ ಗೊತ್ತು ಅನ್ನಿ" ಎಂದಳು ಮಿಸ್ ಕ್ವಿಲ್.

"ಗೊತ್ತಮ್ಮಾ, ಗೊತ್ತು!"

ಜ್ಯೂರಿ ಬರೆದುಕೊಂಡಿತು. ಯಾರಿಗೂ ಸಿಗದ ಆಮೆ ಎಲ್ಲಿದೆಯೆಂದು ಕಳ್ಳನಿಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಅಪರಾಧಿಯೆಂದು ತೀರ್ಮಾನಿಸಲು ಹನ್ನೊಂದು ನಿಮಿಷ ಸಾಕಾಯಿತು. ಶಾಲೆಯವರು ಕೋಲು ಕಿತ್ತುಕೊಂಡರು. ಕ್ಲೆಗ್ ಆ ದಿನ ಮಕ್ಕಳು ದಾಟುವ ಕಡೆ ನಿಂತು ಅತ್ತ.

ಶಿಕ್ಷೆ: ನೂರಿಪ್ಪತ್ತು ತಾಸು ಬಿಟ್ಟಿ ಸೇವೆ. ಹಿಲ್ಡಾಳ ತೋಟದಲ್ಲಿ ಆಮೆ ಹುಡುಕತಕ್ಕದ್ದು.

ಈಗ ಶನಿವಾರ ಶನಿವಾರ ಕ್ಲೆಗ್ ಬರುತ್ತಾನೆ. ಹಿಲ್ಡಾ ಚಹಾ ಕೊಡುತ್ತಾಳೆ. ಮೊನ್ನೆ ಈ ಸೇವೆಯ ಲೆಕ್ಕ ನೋಡುವ ಮೇಲ್ವಿಚಾರಕ ಕಾಲುದಾರಿಯಲ್ಲಿ ಬರುತ್ತಿರುವಾಗ ಆಮೆ ಅಡ್ಡ ಬಂತು. ಕ್ಲೆಗ್ ಕೈ ಎತ್ತಿ ಅವನನ್ನು ತಡೆದ. ಆಮೆ ನಿಧಾನವಾಗಿ ದಾಟಿತು. ಅಷ್ಟು ಹೊತ್ತೂ ಇಬ್ಬರೂ ನಿಂತೇ ಇದ್ದರು.

"ಸಿಕ್ತಾ?" ಎಂದು ಮೇಲ್ವಿಚಾರಕ ನಮೂನೆ ತೆಗೆದ.

"ಇಲ್ಲ ಸಾರ್" ಎಂದ ಕ್ಲೆಗ್, ಜೇಬಿನಿಂದ ಲೆಟಿಸ್ ತೆಗೆದು ಬಗ್ಗುತ್ತಾ. "ಮುಂದಿನ ವಾರ ನೋಡೋಣ."