ಕಾರು ಹೇಳಿದ ಚಾಡಿ

ಗಂಡಸಿನ ನಡತೆಯ ಬಗ್ಗೆ ನೆರೆಹೊರೆಯವರು ಚಾಡಿ ಹೇಳಬಹುದು, ನೆಂಟರು ಹೇಳಬಹುದು. ಅವರನ್ನೆಲ್ಲ ಕಾಫಿ ಕೊಟ್ಟು ಹೇಗೋ ಸಂಭಾಳಿಸಿಕೊಳ್ಳಬಹುದು. ಸ್ವಂತ ಕಾರೇ ಚಾಡಿ ಹೇಳಲು ನಿಂತರೆ ಏನು ಮಾಡುವುದು? ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ಮೊಟ್ಟೆ ಎಂಬ ಪದಾರ್ಥ ನಮ್ಮ ಹೊಸಿಲು ದಾಟಿದ್ದಿಲ್ಲ. ಕೇಕ್ ತರುವಾಗಲೂ ಬೇಕರಿಯವನಿಂದ ಆಣೆ ಹಾಕಿಸಿಕೊಂಡೇ ತರುತ್ತೇವೆ. ಇಂಥ ಮನೆಯ ಯಜಮಾನನಾದ ನಾನು, ತಲೆ ನರೆತ ಮೇಲೆ, ಕದ್ದು ಮೊಟ್ಟೆ ತಿನ್ನುವವನೆಂಬ ಆರೋಪ ಹೊತ್ತೆ.

ಶುರುವಾದದ್ದು ಒಂದು ದೀಪದಿಂದ. ಸ್ಟೇರಿಂಗ್ ಹಿಂದೆ ಇಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ದೇವರ ಮನೆಯ ದೀಪಕ್ಕೇ ಎಣ್ಣೆ ಹಾಕಿದವನಲ್ಲ ನಾನು, ಇದಕ್ಕೇಕೆ ತಲೆ ಕೆಡಿಸಿಕೊಳ್ಳಲಿ? ಉರಿದರೆ ಉರಿಯಲಿ ಎಂದು ಸುಮ್ಮನಿದ್ದೆ. ಆಮೇಲೆ ಪೆಟ್ರೋಲು ಬೇಗ ಬೇಗ ಖಾಲಿಯಾಗತೊಡಗಿತು. ಸಕಲೇಶಪುರದ ಮನೆಯಿಂದ ಮಾರನಹಳ್ಳಿ ಹತ್ತಿರದ ನಮ್ಮ ತುಂಡು ತೋಟಕ್ಕೆ ಹೋಗಿ ಬರುವುದಷ್ಟೇ ನನ್ನ ಓಡಾಟ. "ತೋಟ ಅಲ್ಲೇ ಐತೋ, ಘಾಟಿ ಇಳಿದು ಕೆಳಗೆ ಹೋಯ್ತೋ?" ಎಂದಳು ಹೆಂಡತಿ ಗಿರಿಜ. ನಕ್ಕು ತೇಲಿಸಿದೆ.

ಒಂದು ದಿನ ಮಾರನಹಳ್ಳಿಯಲ್ಲಿ ಗೃಹಪ್ರವೇಶವಿತ್ತು. ಕಾರು ಹತ್ತಿದವಳೇ ಗಿರಿಜ ಸೆರಗನ್ನು ಮೂಗಿಗೆ ಹಿಡಿದಳು. "ಏನ್ರೀ ಇದು, ಕೊಳೆತ ಮೊಟ್ಟೆ ನಾತ!"

"ಮೊಟ್ಟೆ ನಾತ ಹೆಂಗಿರ್ತದೆ ಅಂತ ನಿಂಗೆಂಗೆ ಗೊತ್ತು?" ಎಂದೆ. ಅನ್ನಬಾರದಿತ್ತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರು!" ಎಂದಳು.

ಅಷ್ಟರಲ್ಲಿ ಆನೇಮಹಲ್ ಬಂತು. ಅಲ್ಲಿನ ಹಂಪ್ ಹತ್ತಿರ ವೇಗ ತಗ್ಗಿಸಿದೊಡನೆ ಇಂಜಿನ್ ಗೊರಗೊರ ಎಂದು ಆಫ್ ಆಗುವುದು ಕೆಲವು ದಿನಗಳಿಂದ ನಡೆದೇ ಇತ್ತು. ಅವತ್ತೂ ಆಯಿತು. ನಿಂತದ್ದು ಸರಿಯಾಗಿ ಆಮ್ಲೆಟ್ ಗಾಡಿಯ ಮುಂದೆ. ದಿನಾ ನನ್ನ ಕಾರನ್ನು ಬದಿಗೆ ತಳ್ಳಿಕೊಡುತ್ತಿದ್ದ ಆ ಗಾಡಿಯವನು ಅವತ್ತೂ ಓಡಿಬಂದು, "ಏನ್ ಸಾರ್, ಇವತ್ತು ಅಮ್ಮಾವ್ರನ್ನೂ ಕರ್ಕೊಂಡ್ ಬಂದಿದೀರಾ!" ಎಂದು ಹಲ್ಲು ಕಿರಿದ. ಎಂಥ ಪುಣ್ಯಾತ್ಮ!

ಗೃಹಪ್ರವೇಶದ ಊಟ ಮುಗಿಸಿ ಮನೆಗೆ ಬಂದೆವು. ಬಾಗಿಲು ಹಾಕಿದ್ದೇ ತಡ, ಗಿರಿಜ ಶುರು ಮಾಡಿದಳು. "ಭಾನುವಾರ ಮಗ್ಗೆಯಿಂದ ಅವ್ವ ಬರ್ತಾಳೆ. ಈ ವಿಷ್ಯ ಗೊತ್ತಾದ್ರೆ ನಮ್ಮನೇಲಿ ನೀರಾದ್ರೂ ಮುಟ್ತಾಳೇನ್ರೀ?" ನಮ್ಮತ್ತೆ ಲಿಂಗಪೂಜೆಯಾಗದೆ ಬಾಯಿಗೆ ಹನಿ ಹಾಕದವರು. ನಮ್ಮ ಅಳಿಯನಂಥ ಆಚಾರವಂತ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದವರು. ಅವರು ನೀರು ಬೇಡವೆಂದು ಎದ್ದುಹೋದರೆ ನಾನು ಅವರೂರು ಮಗ್ಗೆಯಲ್ಲಿ ಮುಖ ತೋರಿಸುವುದು ಹೇಗೆ? ನನಗೆ ನಿಜಕ್ಕೂ ಸಂಕಟವಾಯಿತು.

ಮರುದಿನವೇ ಕಾರನ್ನೂ ಹೆಂಡತಿಯನ್ನೂ ಮೆಕ್ಯಾನಿಕ್ ಲೋಕೇಶನ ಮುಂದೆ ನಿಲ್ಲಿಸಿದೆ. ಅವನು ಮೆಷಿನ್ ಸಿಕ್ಕಿಸಿ ನೋಡಿ, "ಆಕ್ಸಿಜನ್ ಸೆನ್ಸರ್ ಹೋಗ್ಬುಟ್ಟೈತೆ ಅಕ್ಕಾ. ಅದು ಕೆಟ್ರೆ ಗಾಡಿ ಪೆಟ್ರೋಲ್ ಜಾಸ್ತಿ ಕುಡೀತದೆ, ಸ್ಲೋ ಮಾಡಿದ್ರೆ ಆಫ್ ಆಯ್ತದೆ, ಹೊಗೆಯಾಗೆ ಕೊಳೆತ ಮೊಟ್ಟೆ ವಾಸ್ನೆ ಬತ್ತದೆ" ಎಂದ. ಅವನ ಗ್ರೀಸ್ ಕೈಯನ್ನೇ ಹಿಡಿದು ಕಣ್ಣಿಗೊತ್ತಿಕೊಳ್ಳೋಣ ಅನ್ನಿಸಿತು. ಗೆದ್ದ ಠೀವಿಯಿಂದ ಗಿರಿಜಳತ್ತ ನೋಡಿದೆ.

"ನಂಗೂ ಆಮೇಲೆ ಹಂಗೇ ಅನ್ನಿಸ್ತು ಬಿಡಿ" ಎಂದಳು. "ಬೋಂಡಾ ತಿನ್ನೋಕೂ ನನ್ನ ಕೇಳೋರು ನೀವು. ಕದ್ದು ಮೊಟ್ಟೆ ತಿನ್ನೋವಷ್ಟು ಧೈರ್ಯ ನಿಮಗೆಲ್ಲೈತೆ?" ಲೋಕೇಶ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡು ನಕ್ಕ.

ಆರೋಪಕ್ಕಿಂತ ಈ ಬಿಡುಗಡೆಯೇ ಹೆಚ್ಚು ಉರಿಯಿತು. ಭಾನುವಾರ ಅತ್ತೆ ಬಂದರು, ನೀರು ಕುಡಿದರು, ಹೋಳಿಗೆ ಉಂಡು ಅಳಿಯನನ್ನು ಬಾಯ್ತುಂಬ ಹೊಗಳಿ ಹೋದರು. ನನ್ನ ಉರಿ ಮಾತ್ರ ಆರಲಿಲ್ಲ. ಹೊಸ ಸೆನ್ಸರ್ ಹಾಕಿದ ಕಾರು ಈಗ ಆನೇಮಹಲ್‌ನಲ್ಲಿ ತಾನಾಗಿ ನಿಲ್ಲುತ್ತಿರಲಿಲ್ಲ. ಒಂದು ಸಂಜೆ ನಾನೇ ನಿಲ್ಲಿಸಿ, "ಒಂದು ಆಮ್ಲೆಟ್ ಹಾಕಪ್ಪ, ಈರುಳ್ಳಿ ಜಾಸ್ತಿ ಇರ್ಲಿ" ಎಂದೆ. ಧೈರ್ಯ ಇದೆಯೋ ಇಲ್ಲವೋ ಗಿರಿಜ ನೋಡಿಯೇ ಬಿಡಲಿ ಎಂದು ಕಾರಿನಲ್ಲೇ ಕೂತು ತಿಂದೆ. ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ.

ಮನೆ ಮುಟ್ಟಿದಾಗ ನಾನು ತೋಟದಿಂದ ತಂದ ಸೊಪ್ಪು ತೆಗೆಯಲು ಗಿರಿಜ ಕಾರಿನ ಬಾಗಿಲು ತೆರೆದು ಮೂಗರಳಿಸಿದಳು. ವಿಚಾರಣೆ ನಡೆಯಲಿ ಎಂದು ಎದೆ ಸೆಟೆಸಿ ನಿಂತೆ. ಅವಳಿಗೆ ಕೊಳೆತದ್ದೂ ಕರಿದದ್ದೂ ಒಂದೇ ಮೊಟ್ಟೆ. ನನ್ನತ್ತ ತಿರುಗಿಯೂ ನೋಡದೆ ಮೊಬೈಲ್ ಕಿವಿಗಿಟ್ಟುಕೊಂಡು, "ಏನ್ ಲೋಕೇಶ, ಎಂಥ ಸೆನ್ಸರ್ ಹಾಕಿದೀಯ ಮಾರಾಯ? ಮತ್ತೆ ಹೋಗ್ಬುಟ್ಟೈತೆ ಕಣೋ!" ಎಂದು ಅವನನ್ನು ತರಾಟೆಗೆ ತೆಗೆದುಕೊಂಡಳು. ಆಮೇಲೆ ನನ್ನತ್ತ ತಿರುಗಿ, "ಹೇಳ್ರೀ, ನಿಮಗೂ ಬತ್ತಾ ಐತಲ್ವಾ ವಾಸ್ನೆ?" ಎಂದಳು.

ನಾನು ಬಾಯಿ ಬಿಗಿ ಹಿಡಿದು, ಎರಡು ಹೆಜ್ಜೆ ಹಿಂದೆ ಸರಿದು, ಹೌದು ಹೌದು ಎಂದು ತಲೆಯಾಡಿಸಿದೆ.