ಮನ್ಮಥಪ್ಪನ ಡೆರ್, ಡೀ, ಡಾಸ್

ಮನ್ಮಥಪ್ಪ ಕಚೇರಿಯಲ್ಲಿ ಕೈ ಎತ್ತಿದ್ದೇ ತಪ್ಪಾಯಿತು. ಬೀದರದ ತಾಲ್ಲೂಕುದಾರ ಸಾಹೇಬರು, ಅಂದರೆ ನಿಜಾಮರ ಕಾಲದಲ್ಲಿ ಜಿಲ್ಲೆಗೇ ದೊಡ್ಡವರು, ಗುಮಾಸ್ತರನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡಿದ್ದರು. ಊರಿನ ಧಾನ್ಯದ ಪೇಟೆ ಗಂಜಿನಲ್ಲಿ ಕುಸುಬಿ ಎಣ್ಣೆ ತೆಗೆಯುವ ಇಂಜಿನ್ನು ಕೂಡಿಸಲು ಜರ್ಮನ ದೇಶದ ಇಂಜಿನಿಯರು ಬರುತ್ತಿದ್ದಾನೆ, ಅವನ ಭಾಷೆ ಯಾರಿಗೆ ಬರುತ್ತದೆ ಎಂದು ಕೇಳಿದರು. ಯಾರಿಗೂ ಬರುತ್ತಿರಲಿಲ್ಲ. ಮನ್ಮಥಪ್ಪನಿಗೂ ಬರುತ್ತಿರಲಿಲ್ಲ. ಆದರೆ ಯಾರೂ ಹೋಗಲೊಪ್ಪದ ಮೂಲೆ ಊರು ಔರಾದಕ್ಕೆ ವರ್ಗವಾಗುವವರ ಪಟ್ಟಿಯಲ್ಲಿ ತನ್ನ ಹೆಸರೇ ಮೊದಲನೆಯದೆಂದು ಅವನಿಗೆ ಅದೇ ಬೆಳಿಗ್ಗೆ ಗೊತ್ತಾಗಿತ್ತು.

"ಸಣ್ಣಾಂವ ಇದ್ದಾಗ ಒಬ್ಬ ಪಾದ್ರಿ ಕಡಿಂದ ಕಲ್ತೇನ್ರಿ" ಎಂದುಬಿಟ್ಟ. ಸಾಹೇಬರು ಸಂತೋಷಪಟ್ಟು ಪಟ್ಟಿಯಲ್ಲಿ ಅವನ ಹೆಸರನ್ನು ಹೊಡೆದು ಹಾಕಿದರು. ಮಾತು ಸುಳ್ಳಾದರೆ ಹೆಸರು ಮತ್ತೆ ಬರೆಯಲು ಒಂದು ಗಳಿಗೆ ಸಾಕು ಎಂಬುದನ್ನೂ ತಿಳಿಸಿದರು.

ಔರಾದಕ್ಕೆ ಹೋದರೆ ಹೆಂಡತಿ ಈರಮ್ಮ ಜೊತೆಗೆ ಬರುವವಳಲ್ಲ. ಆ ಊರಿನ ಹೆಸರೆತ್ತಿದರೆ ಭಾಲ್ಕಿಯ ತವರಿಗೆ ಹೋಗುತ್ತೇನೆಂದು ಅವಳು ಮೊದಲೇ ಹೇಳಿಟ್ಟಿದ್ದಳು. ಮನ್ಮಥಪ್ಪನಿಗೆ ಹೆಂಡತಿಯ ಮೇಲೆ ಪ್ರೀತಿ. ಮದುವೆಯಾಗಿ ಆರು ವರ್ಷವಾದ ಮೇಲೂ ಹೀಗಿರುವುದು ಕಚೇರಿಯಲ್ಲಿ ನಗೆಪಾಟಲಿನ ವಿಷಯವಾಗಿತ್ತು. ಅವಳಿಲ್ಲದ ಮನೆಯಲ್ಲಿ ಒಂದು ದಿನವೂ ಇರಲಾರೆನೆಂದು ಅವನಿಗೆ ಗೊತ್ತಿತ್ತು.

ಜರ್ಮನ ಬರುವುದು ಶುಕ್ರವಾರ. ಕಲಿಯಲು ನಾಲ್ಕು ದಿನ. ಯಾರೋ ದಂಡಿನ ಡಾಕ್ಟರನ ಸಾಮಾನು ಲಿಲಾವಾದಾಗ ಕುರ್ಚಿಯ ಜೊತೆ ಪುಕ್ಕಟೆ ಬಂದಿದ್ದ ಜರ್ಮನ ವ್ಯಾಕರಣದ ಪುಸ್ತಕವೊಂದು ಮನೆಯಲ್ಲಿತ್ತು. ಆ ಪುಸ್ತಕ ತೆರೆದು ಮೂರು ದಿನವಾದರೂ ಅವನು ಮೊದಲನೆಯ ಪಾಠ ದಾಟಿರಲಿಲ್ಲ. ಆ ದೇಶದಲ್ಲಿ ಪ್ರತಿಯೊಂದು ವಸ್ತುವೂ ಗಂಡೋ ಹೆಣ್ಣೋ ಎರಡೂ ಅಲ್ಲದ್ದೋ ಆಗಿರಬೇಕಂತೆ. ಗಂಡಾದರೆ ಮುಂದೆ ಡೆರ್, ಹೆಣ್ಣಾದರೆ ಡೀ, ಎರಡೂ ಅಲ್ಲದಿದ್ದರೆ ಡಾಸ್. ಚಮಚ ಗಂಡಸು, ಬಾಗಿಲು ಹೆಂಗಸು, ಕಿಟಕಿ ಯಾವುದೂ ಅಲ್ಲ. ಸೂರ್ಯ ಹೆಣ್ಣು, ಚಂದ್ರ ಗಂಡು. ಇಷ್ಟೆಲ್ಲ ಕರಾರುವಾಕ್ಕಾಗಿ ವಿಂಗಡಿಸಿದ ಪಂಡಿತರು ಕಣ್ಣೆದುರಿನ ಹುಡುಗಿಯನ್ನು ಮಾತ್ರ ಡಾಸ್ ಎಂದು ಬರೆದು ಕೈತೊಳೆದುಕೊಂಡಿದ್ದರು. ಕಚೇರಿಯ ಉರ್ದುವಿನಲ್ಲಿ ಮೇಜು ಹೆಣ್ಣೆಂದು ಬಾಯಿಪಾಠ ಮಾಡಲು ಅವನಿಗೆ ಎಂಟು ವರ್ಷ ಹಿಡಿದಿತ್ತು. ಈಗ ಅದೇ ಮೇಜು ಜರ್ಮನದಲ್ಲಿ ಗಂಡಾಗಿ ಎದುರಿಗೆ ನಿಂತಿತ್ತು.

ಕೊನೆಗೆ ಗುರುವಾರ ಕಚೇರಿಗೆ ರಜೆ ಹಾಕಿ ಒಂದು ಉಪಾಯ ಹೂಡಿದ. ಗಂಡಿಗೆ ಕೆಮ್ಮಣ್ಣು, ಹೆಣ್ಣಿಗೆ ಅರಿಷಿಣ, ಯಾವುದೂ ಅಲ್ಲದ್ದಕ್ಕೆ ಸುಣ್ಣ ಎಂದು ಗೊತ್ತುಮಾಡಿಕೊಂಡು ಮನೆಯ ಸಾಮಾನಿಗೆಲ್ಲ ಬೊಟ್ಟಿಡುತ್ತ ಬಂದ. ಗಡಿಗೆ, ಗೋಡೆ, ಹೊರಸು, ಬೀಸುವ ಕಲ್ಲು ಯಾವುದನ್ನೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಾಮಾನು ಮುಗಿದು ತನ್ನ ಮುಖಕ್ಕೇ ಬಂದಿದ್ದ. ಬಾಯಿಗೆ ಕೆಮ್ಮಣ್ಣು, ಮೂಗಿಗೆ ಅರಿಷಿಣ, ಕಣ್ಣಿನ ಪಕ್ಕ ಸುಣ್ಣ ಹಚ್ಚಿಕೊಂಡು, ಕನ್ನಡಿ ಹಿಡಿದು, "ಡೆರ್ ಮುಂಡ್, ಡೀ ನಾಸ, ಡಾಸ್ ಔಗ" ಎಂದು ತೂಗಾಡುತ್ತಿದ್ದಾಗ ಪಕ್ಕದ ಮನೆಯ ಗುಂಡಮ್ಮ ಒಲೆಗೆ ಕೆಂಡ ಕೇಳಲು ಒಳಗೆ ಬಂದಳು.

ಬಂದವಳು ಕೆಂಡವಿಲ್ಲದೆ ತಿರುಗಿ ಓಡಿದಳು. ಅವಳ ತಪ್ಪೇನೂ ಇರಲಿಲ್ಲ. ಆ ಸೀಮೆಯಲ್ಲಿ ಬಾನಾಮತಿ ಗೊತ್ತಿಲ್ಲದ ಮನೆಯಿಲ್ಲ. ಆಗದವರು ಮಾಟ ಮಾಡಿಸಿದರೆ ಗೋಡೆಯ ಮೇಲೆ, ಬಟ್ಟೆಯ ಮೇಲೆ ತಾನಾಗಿಯೇ ಗುರುತುಗಳು ಮೂಡುತ್ತವೆ, ಮನುಷ್ಯ ಯಾರಿಗೂ ತಿಳಿಯದ ಮಾತಾಡುತ್ತಾನೆ ಎಂದು ಎಲ್ಲರೂ ನಂಬಿದ್ದರು. ಗುಂಡಮ್ಮ ಗುರುತನ್ನೂ ಕಂಡಿದ್ದಳು, ಮಾತನ್ನೂ ಕೇಳಿದ್ದಳು.

ಅರ್ಧ ತಾಸಿನಲ್ಲಿ ಓಣಿಯೆಲ್ಲ ಅಂಗಳದಲ್ಲಿ ನೆರೆಯಿತು. ಗುಂಡಮ್ಮ ಬೇವಿನ ತಪ್ಪಲು ತಂದಳು. ಎದುರು ಮನೆಯ ಅಜೀಜಾ ಬೇಗಂ ದರ್ಗಾದಿಂದ ತಾವೀಜು ತರಿಸಿ ಅವನ ಕೊರಳಿಗೆ ಕಟ್ಟಿದಳು. ಕೊರಳಲ್ಲಿ ಮೊದಲೇ ಲಿಂಗವಿದ್ದದ್ದು ಅವಳಿಗೆ ಅಡ್ಡಿಯಾಗಲಿಲ್ಲ. ಇಬ್ಬರು ಗಟ್ಟಿ ಆಳುಗಳು ಮನ್ಮಥಪ್ಪನನ್ನು ಕಂಬಕ್ಕೆ ಒರಗಿಸಿ ಹಿಡಿದುಕೊಂಡರು.

ಇದು ಪಾಠ ಎಂದು ಒಂದು ಮಾತು ಹೇಳಿದ್ದರೆ ಬಿಟ್ಟುಬಿಡುತ್ತಿದ್ದರು. ಆದರೆ ಅಜೀಜಾ ಬೇಗಂಳ ಗಂಡ ಜಹೀರೋದ್ದೀನ ಅದೇ ಕಚೇರಿಯಲ್ಲಿ ಸಾಹೇಬರ ಮುಂದೆ ಕಾಗದ ಇಡುವ ಪೇಶಕಾರ. ಮನ್ಮಥಪ್ಪನ ಹೆಸರು ಹೋದಮೇಲೆ ಔರಾದದ ಪಟ್ಟಿಯಲ್ಲಿ ಮೊದಲಿಗೆ ಬಂದದ್ದು ಜಹೀರೋದ್ದೀನನ ಅಳಿಯನ ಹೆಸರು. ಪಾದ್ರಿಯಿಂದ ಕಲಿತವನು ಇವತ್ತು ಬಾಯಿಪಾಠ ಮಾಡುತ್ತಿದ್ದನೆಂದು ಜಹೀರೋದ್ದೀನನ ಕಿವಿಗೆ ಬಿದ್ದರೆ ಸಂಜೆಯೊಳಗೆ ಸಾಹೇಬರಿಗೆ ಮುಟ್ಟುತ್ತಿತ್ತು.

ಈರಮ್ಮನಿಗೆ ಎಲ್ಲ ಗೊತ್ತಿತ್ತು. ಅವಳು ಬಾಯಿ ತೆರೆಯುವುದರಲ್ಲಿದ್ದಳು. ಗಂಡ ಕಣ್ಸನ್ನೆಯಲ್ಲೇ ಬೇಡವೆಂದ. ಅಷ್ಟರಲ್ಲಿ ಗುಂಡಮ್ಮ ಒಣಮೆಣಸಿನಕಾಯಿ ಹೊಗೆ ಹಾಕಬೇಕೆಂದಳು. ಈರಮ್ಮ ಗಂಡನ ಮುಖ ನೋಡಿದಳು, ಔರಾದವನ್ನು ನೆನೆಸಿಕೊಂಡಳು, ಒಳಗೆ ಹೋಗಿ ತಾನೇ ಎರಡು ಬೊಗಸೆ ಮೆಣಸಿನಕಾಯಿ ತಂದು ಕೊಟ್ಟಳು.

"ಯಾರು ಮಾಡ್ಸ್ಯಾರ, ಹೆಸರು ಹೇಳು. ಹೇಳೋತನಕ ಬಿಡಲ್ಲ" ಎಂದು ಗುಂಡಮ್ಮ ಕೇಳಿದಳು.

ಕಣ್ಣು ಮೂಗಿನಲ್ಲಿ ನೀರು ಸುರಿಯುತ್ತಿದ್ದರೂ ಮನ್ಮಥಪ್ಪ ನಾಳೆಯ ಪರೀಕ್ಷೆ ಮರೆಯಲಿಲ್ಲ. ಉರಿಯುವುದು ಡಾಸ್ ಔಗ, ಸುರಿಯುವುದು ಡೀ ನಾಸ, ಉಸಿರು ಕಟ್ಟಿಸುವ ಹೊಗೆ ಡೆರ್ ರೌಖ್ ಎಂದು ಗಟ್ಟಿಯಾಗಿಯೇ ಒಪ್ಪಿಸತೊಡಗಿದ. ಹೆಂಗಸರು ನಾಲ್ಕು ಹೆಜ್ಜೆ ಹಿಂದೆ ಸರಿದರು.

ಅದೇ ಹೊತ್ತಿಗೆ ಬಾಗಿಲಲ್ಲಿ ಟಾಂಗಾ ನಿಂತಿತು. ಜರ್ಮನ ಸಾಹೇಬ ಒಂದು ದಿನ ಮುಂಚೆಯೇ ಬಂದುಬಿಟ್ಟಿದ್ದ. ಮನ್ಮಥಪ್ಪನ ಬಣ್ಣ ಬಯಲಾಗಲೆಂದು ಜಹೀರೋದ್ದೀನ ಬಹಳ ಮರ್ಯಾದೆಯಿಂದ ಅವನನ್ನು ನೆಟ್ಟಗೆ ಇಲ್ಲಿಗೇ ಕರೆತಂದಿದ್ದ. ಸಾಹೇಬ ಟಾಂಗಾದಿಂದ ಇಳಿದವನು ಹಾಗೆಯೇ ನಿಂತ. ಮೂರು ತಿಂಗಳಿಂದ ತನ್ನ ಭಾಷೆಯ ಒಂದು ಶಬ್ದ ಕೇಳದವನಿಗೆ ಹೊಗೆಯೊಳಗಿಂದ ಒಂದೂ ತಪ್ಪಿಲ್ಲದ ಡೆರ್, ಡೀ, ಡಾಸ್ ಕೇಳಿಸುತ್ತಿತ್ತು.

ಅವನು ಜನರನ್ನು ಸರಿಸಿ ನುಗ್ಗಿ ಮನ್ಮಥಪ್ಪನ ಎರಡೂ ಕೈ ಹಿಡಿದುಕೊಂಡು ಒಂದೇ ಉಸಿರಿಗೆ ಏನೇನೋ ಮಾತಾಡಿದ. ಮನ್ಮಥಪ್ಪನಿಗೆ ಒಂದಕ್ಷರ ತಿಳಿಯಲಿಲ್ಲ. ಅವನು ಧೈರ್ಯ ಮಾಡಿ ಗಡಿಗೆ ತೋರಿಸಿ "ಡೆರ್ ಟೋಪ್ಫ್" ಎಂದ. ಸಾಹೇಬ ಕೆಮ್ಮಣ್ಣಿನ ಬೊಟ್ಟು ನೋಡಿದ, ಬಾಗಿಲ ಅರಿಷಿಣ ನೋಡಿದ, ಉಪಾಯ ತಿಳಿದು ಮಗುವಿನಂತೆ ನಕ್ಕ. ಆಮೇಲೆ ಇಬ್ಬರೂ ಕೈ ಕೈ ಹಿಡಿದು ಮನೆಯೆಲ್ಲ ತಿರುಗಿ ಗೋಡೆ ಮುಟ್ಟಿ, ಹೊರಸು ಮುಟ್ಟಿ, ಸರದಿಯ ಮೇಲೆ ಕೂಗಿದರು. ಸಾಹೇಬನ ಕಣ್ಣಲ್ಲೂ ನೀರು ಬಂತು. ಅದರಲ್ಲಿ ಹೊಗೆಯ ಪಾಲೆಷ್ಟು ಎಂದು ಯಾರೂ ವಿಚಾರಿಸಲಿಲ್ಲ.

"ಗೋರಾ ಸಾಬಗೂ ಹತ್ತ್ಯಾದ ನೋಡ್ರಿ" ಎಂದು ಗುಂಡಮ್ಮ ಮೆಲ್ಲಗೆ ಹೇಳಿದಳು. ಅಂಗಳ ಒಂದು ಕ್ಷಣದಲ್ಲಿ ಖಾಲಿಯಾಯಿತು.

ಜಹೀರೋದ್ದೀನ ಮುಖ ಸಣ್ಣದು ಮಾಡಿಕೊಂಡು ಹೊರಟುಹೋದ. ಮನ್ಮಥಪ್ಪ ಮುಖ ತೊಳೆದು, ತಾನು ಗೆದ್ದೆನೆಂದು ತಿಳಿದು, ಹೆಂಡತಿಗೆ ಜೋಳದ ರೊಟ್ಟಿಯ ಜೊತೆ ಏನಾದರೂ ಸಿಹಿ ಮಾಡು ಎಂದ.

ಸುದ್ದಿ ಜರ್ಮನ ಸಾಹೇಬನಿಗಿಂತ ಮೊದಲು ಗಂಜಿಗೆ ತಲುಪಿತ್ತು. ಇಂಜಿನ್ನಿನ ಪೆಟ್ಟಿಗೆ ಹೊತ್ತ ಹನ್ನೊಂದು ಬಂಡಿ ಅಲ್ಲಿ ಬಂದು ನಿಂತಿದ್ದವು. ಬಾನಾಮತಿ ಹತ್ತಿದ ಸಾಹೇಬನ ಪೆಟ್ಟಿಗೆ ಮುಟ್ಟಲು ಹಮಾಲರು ಒಪ್ಪಲಿಲ್ಲ. ಗದರಿಸಿದರೂ ಒಪ್ಪಲಿಲ್ಲ, ಕೂಲಿ ಹೆಚ್ಚಿಸಿದರೂ ಒಪ್ಪಲಿಲ್ಲ. ಸಂಜೆ ತಾಲ್ಲೂಕುದಾರ ಸಾಹೇಬರು ತಲೆ ಕೆಡಿಸಿಕೊಂಡು, ಈ ಸುದ್ದಿ ಇನ್ನೂ ಮುಟ್ಟದ ಊರು ಯಾವುದಿದೆ ಎಂದು ಕೇಳಿದರು. ಪಕ್ಕದಲ್ಲೇ ನಿಂತಿದ್ದ ಜಹೀರೋದ್ದೀನ ಒಂದು ಊರಿನ ಹೆಸರು ಹೇಳಿದ.

ದೀಪ ಹಚ್ಚುವ ಹೊತ್ತಿಗೆ ಹುಕುಂ ಮನೆಗೆ ಬಂತು. ಸೊಗಸಾದ ಉರ್ದುವಿನಲ್ಲಿತ್ತು. ಬಂಡಿಗಳನ್ನು ಬಿಚ್ಚದೆ ಬೆಳಿಗ್ಗೆ ಹಾಗೆಯೇ ಔರಾದಕ್ಕೆ ಹೊಡೆಯುವುದು, ಇಂಜಿನ್ನನ್ನು ಅಲ್ಲಿಯೇ ಕೂಡಿಸುವುದು. ಜರ್ಮನ ಸಾಹೇಬರು ಮನ್ಮಥಪ್ಪನನ್ನು ಬಿಟ್ಟು ಬೇರೆ ದುಭಾಷಿ ಬೇಡವೆಂದು ಕೈಸನ್ನೆಯಿಂದ ಸ್ಪಷ್ಟವಾಗಿ ತಿಳಿಸಿದ್ದರಿಂದ, ಅವನ ವಿದ್ವತ್ತಿಗೆ ಮೆಚ್ಚಿ, ಮೂರು ವರ್ಷದ ಮಟ್ಟಿಗೆ ಅವನನ್ನೂ ಜೊತೆಗೆ ಕಳಿಸುವುದು.

ಮನ್ಮಥಪ್ಪ ಎರಡು ಸಲ ಓದಿ ಹೆಂಡತಿಯ ಕಡೆ ನೋಡಿದ. ಈರಮ್ಮ ಎದ್ದಳು. ಅಟ್ಟದಿಂದ ಎರಡು ಟ್ರಂಕು ಇಳಿಸಿ, ಅವನ ಧೋತರಗಳನ್ನು ಒಂದರಲ್ಲಿಟ್ಟು, ತನ್ನ ಸೀರೆಗಳನ್ನು ಇನ್ನೊಂದರಲ್ಲಿಟ್ಟು, ಭಾಲ್ಕಿಗೆ ಹೋಗುವ ಬಂಡಿ ಬೆಳಿಗ್ಗೆ ಎಷ್ಟು ಹೊತ್ತಿಗೆ ಸಿಗುತ್ತದೆ ಎಂದು ಕೇಳಿದಳು.