ಹಿಮವಿಲ್ಲದ ಊರಿನ ಹಿಮದ ತೀರ್ಪು

ಮಿಲಿಂದ ಮಾಸ್ತರರ ತೊಂದರೆ ಶುರುವಾದದ್ದು ಒಂದು ಪರೀಕ್ಷೆ ಪಾಸಾದದ್ದರಿಂದ. ಬಾದಾಮಿಯ ಹೈಸ್ಕೂಲೊಂದರಲ್ಲಿ ಆಟದ ಮಾಸ್ತರರಾಗಿದ್ದ ಅವರು ರಜೆಯಲ್ಲಿ ಹೊತ್ತು ಹೋಗದೆ, ಐಸ್ ಕ್ಲೈಂಬಿಂಗ್ ನಿರ್ಣಾಯಕರ ಆನ್‌ಲೈನ್ ಪರೀಕ್ಷೆ ಬರೆದಿದ್ದರು. ಎರಡೂ ಕೈಯಲ್ಲಿ ಕೊಡಲಿ ಹಿಡಿದು ಹಿಮದ ಗೋಡೆ ಹತ್ತುವ ಆಟ ಅದು. ಮಾಸ್ತರರು ಕಂಡ ಹಿಮವೆಲ್ಲ ಕಬ್ಬಿನ ಹಾಲಿನ ಗ್ಲಾಸಿನಲ್ಲಿ ತೇಲುವಷ್ಟೇ. ಆದರೂ ಪಾಸಾದರು.

ಉಳಿದದ್ದು ಪ್ರಾಯೋಗಿಕ ಪರೀಕ್ಷೆ. ಒಂದು ಸ್ಪರ್ಧೆ ನಡೆಸಿ ತೋರಿಸಿದರೆ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿಗೆ ಸಹಾಯಕ ನಿರ್ಣಾಯಕರಾಗಿ ಹೋಗಬಹುದು. ಪರೀಕ್ಷಕಿ ಪದ್ಮಜಾ ಧಾರವಾಡದಿಂದ ಬಂದಿಳಿದರು. ಹಿಮದ ಬದಲು ಶಾಲೆಯ ಮೈದಾನದಲ್ಲಿ ಹಿಡಿಕೆಗಳನ್ನು ಬಡಿದ ಪ್ಲೈವುಡ್ ಗೋಡೆ ಎದ್ದಿತು.

ಫೈನಲ್ಲಿಗೆ ಉಳಿದವರು ಇಬ್ಬರು. ಸಿದ್ಧಾರ್ಥ, ಶಾಲೆಯ ಅಧ್ಯಕ್ಷ ಶಂಕ್ರಪ್ಪನವರ ಮಗ. ಪ್ರಿಯದರ್ಶಿನಿ, ಮಾಸ್ತರರ ಬಾಡಿಗೆ ಮನೆಯ ಒಡತಿ ಬಾಳಮ್ಮನ ಮೊಮ್ಮಗಳು.

ಬೆಳಿಗ್ಗೆಯೇ ಬಾಳಮ್ಮ ಉಪ್ಪಿಟ್ಟು ತಂದಿಟ್ಟಳು. "ತಿನ್ರಿ ಮಾಸ್ತರ. ಬಾದಾಮ್ಯಾಗ ಬಾಡಿಗಿ ಮನಿ ಸಿಗೂದು ಭಾಳ ತ್ರಾಸ ನೋಡ್ರಿ."

ಮಾಸ್ತರರು ಅರ್ಧ ಉಪ್ಪಿಟ್ಟು ಬಿಟ್ಟು ಎದ್ದರು.

ಶಾಲೆಯ ಗೇಟಿನಲ್ಲಿ ಶಂಕ್ರಪ್ಪ ಹೆಗಲ ಮೇಲೆ ಕೈಹಾಕಿದರು. "ನಿಮ್ಮ ನೌಕರಿ ಕಾಯಂ ಮಾಡೂ ಆರ್ಡರ್ ನನ್ನ ಟೇಬಲ್ ಮ್ಯಾಲ ಐತಿ. ಸಂಜಿಕೆ ಸಹಿ ಹಾಕಬೇಕಂತೇನಿ."

ಮಾಸ್ತರರು ಕೊರಳಿನ ಸೀಟಿ ಹಿಡಿದುಕೊಂಡು ಮೈದಾನದತ್ತ ನಡೆದರು.

ಒಬ್ಬರು ಹತ್ತುವುದನ್ನು ಇನ್ನೊಬ್ಬರು ನೋಡುವಂತಿಲ್ಲ. ಸ್ಪರ್ಧಿಗಳನ್ನು ಮುಚ್ಚಿದ ಕೋಣೆಯಲ್ಲಿ ಇಡಬೇಕು. ಮಾಸ್ತರರು ಇಬ್ಬರನ್ನೂ ಒಳಗೆ ಕೂಡಿಸಿ ಹಿತ್ತಲಿಗೆ ಬಂದರೆ, ಬಾಳಮ್ಮ ಕಿಟಕಿಗೆ ಮುಖವಿಟ್ಟು ನಿಂತಿದ್ದಳು.

"ಎಡಕ್ಕಿನ ಕೆಂಪು ಹಿಡಿಕಿ ನಂಬಬ್ಯಾಡವಾ, ಅಲ್ಲಾಡತೈತಿ!"

"ಬಾಳಮ್ಮಾರ, ಒಳಗಿನವರ ಜೋಡಿ ಮಾತಾಡೂದು ತಪ್ಪ್ರಿ!"

"ಮೊಮ್ಮಗಳ ಜೋಡಿ ಮಾತಾಡಾಕ ಯಾವ ದೇಶದ ಅಪ್ಪಣಿ ಬೇಕು?"

ಅಷ್ಟರಲ್ಲಿ ಇನ್ನೊಂದು ಕಿಟಕಿಯಲ್ಲಿ ಶಂಕ್ರಪ್ಪನವರ ತಲೆ ಕಂಡಿತು. ಮಾಸ್ತರರು ಲೆಕ್ಕ ಹಾಕಿದರು. ಈ ಮನೆ ಹೋದರೆ ನೌಕರಿ ಉಳಿದೀತು, ನೌಕರಿ ಹೋದರೆ ಮನೆ ಉಳಿದೀತು. ಎರಡೂ ಉಳಿಯುವ ದಾರಿ ಯಾವುದು?

ಥಟ್ಟನೆ ನಿಯಮ ನೆನಪಾಯಿತು. ಓಡಿಹೋಗಿ ಪದ್ಮಜಾ ಎದುರು ಕೈಜೋಡಿಸಿದರು. "ಮೇಡಂ, ಸ್ಪರ್ಧಿಗಳ ಕಡೆಯವರ ಋಣದಾಗ ಇದ್ದಾವ ತೀರ್ಪು ಕೊಡಬಾರದು. ಒಬ್ಬರ ಮನ್ಯಾಗ ಇದ್ದೇನಿ, ಇನ್ನೊಬ್ಬರ ಸಾಲ್ಯಾಗ ದುಡೀತೇನಿ. ನಾ ಹಿಂದ ಸರೀತೇನ್ರಿ."

ಪದ್ಮಜಾ ಮೆಚ್ಚಿ ತಲೆದೂಗಿದರು. "ಇಂಥಾ ಪ್ರಾಮಾಣಿಕರು ಎಲ್ಲೆ ಸಿಗ್ತಾರ್ರಿ! ಕೊಡ್ರಿ ಸೀಟಿ, ನಾನs ನೋಡ್ತೀನಿ."

ಮಾಸ್ತರರು ಬೇವಿನ ನೆರಳಿನಲ್ಲಿ ಕುಳಿತು ಅಂದು ಮೊದಲ ಬಾರಿ ಸರಿಯಾಗಿ ಉಸಿರಾಡಿದರು.

ಸಿದ್ಧಾರ್ಥ ತುದಿಯ ಹತ್ತಿರದ ಹಿಡಿಕೆ ಮುಟ್ಟಿದಾಗ ಕೊಡಲಿ ಕೈಜಾರಿ ಬಿತ್ತು. ಕೊಡಲಿ ಬಿದ್ದರೆ ನಿಯಮದಂತೆ ಅವನ ಆಟ ಮುಗಿಯಿತು. ಪ್ರಿಯದರ್ಶಿನಿ ಅದೇ ಹಿಡಿಕೆ ಮುಟ್ಟಿದಾಗ ಅವಳ ಕಾಲು ಗೋಡೆಯ ಅಂಚಿಗೆ ಎಳೆದಿದ್ದ ಗಡಿಗೆರೆ ದಾಟಿತು. ಅವಳದೂ ಮುಗಿಯಿತು.

"ಇಬ್ಬರೂ ಸಮ," ಎಂದರು ಪದ್ಮಜಾ.

"ಸಮಾ?" ಬಾಳಮ್ಮ ಸೆರಗು ಬಿಗಿದಳು. "ಕೊಡಲಿ ಒಗದಾವಗೂ ನನ್ನ ಹುಡುಗಿಗೂ ಸಮಾ?"

"ಗೆರಿ ದಾಟಿದಾಕಿಗೂ ನನ್ನ ಮಗಗೂ ಸಮಾ?" ಶಂಕ್ರಪ್ಪ ಗುಡುಗಿದರು. "ಇದರ ಮ್ಯಾಲ ಕೋರ್ಟ್ ಇಲ್ಲೇನು?"

"ಅದ ರೀ. ಮೇಲ್ಮನವಿ ಮಾಡ್ರಿ," ಎಂದರು ಪದ್ಮಜಾ.

ಇಬ್ಬರೂ ಮಾಡಿದರು.

"ಆದ್ರ ನನ್ನ ತೀರ್ಪಿನ ಮ್ಯಾಲಿನ ಮನವಿ ನಾನs ಕೇಳಲಿಕ್ಕೆ ಬರೂದಿಲ್ಲ. ನಿಯಮ ಓದಿ ಪಾಸಾದವರು ಇಲ್ಲೆ ಇನ್ನೊಬ್ಬರs ಇದ್ದಾರ." ಅವರ ಕಣ್ಣು ಬೇವಿನ ಮರದತ್ತ ಹೊರಳಿತು.

ಮಾಸ್ತರರು ದಡಬಡಿಸಿ ಎದ್ದರು. "ಮೇಡಂ, ನನಗ ಸಂಬಂಧ ಐತ್ರಿ! ಎರಡೂ ಕಡೆ ಐತಿ!"

"ಹೌದು. ಅದಕ್ಕs ಎರಡೂ ಕಡೆಯವರ ಒಪ್ಪಿಗಿ ಬೇಕು. ಏನಂತೀರಿ?"

"ಮಾಸ್ತರರಾ? ಒಪ್ಪಿಗಿ!" ಎಂದರು ಶಂಕ್ರಪ್ಪ, ಮೀಸೆಯಡಿ ನಗುತ್ತ.

"ನಮ್ಮ ಮನ್ಯಾಗ ಇರಾವ್ರ ಅದಾರ, ಒಪ್ಪಿಗಿ!" ಎಂದಳು ಬಾಳಮ್ಮ.

ಇಡೀ ದಿನದಲ್ಲಿ ಅವರಿಬ್ಬರೂ ಒಮ್ಮತಕ್ಕೆ ಬಂದದ್ದು ಇದೊಂದೇ ಮಾತಿಗೆ. ಒಬ್ಬರು ಬಲಗೈ, ಒಬ್ಬರು ಎಡಗೈ ಹಿಡಿದು ಮಾಸ್ತರರನ್ನು ತಂದು ಕುರ್ಚಿಯಲ್ಲಿ ಕೂಡಿಸಿದರು.

"ಒಂದು ಮಾತು ನೆನಪಿರ್ಲಿ," ಎಂದು ಪದ್ಮಜಾ ಮೆಲ್ಲಗೆ ಹೇಳಿದರು, "ಇದs ಕಡೀ ತೀರ್ಪು. ಇದರಾಗ ಸಮ ಅನ್ನೂ ಹಂಗಿಲ್ಲ."